ಕೊರಳು ಬಾಕಿ ಇದ್ದ ಫ್ರಾಕು

"ಅಂಗಡಿ ನಿಂದು, ಮೇಲಿನ ಕೋಣೆ ನಿಂದು, ಹಿತ್ತಿಲಿನ ನಲ್ಲಿ ನಿಂದು. ಆ ಫ್ರಾಕ್ ಮಾತ್ರ ನಿಂದಲ್ಲ ತಾಯಿ. ಅದರ ಕೊರಳು ಮುಗಿಸೋಕೆ ಹೋಗ್ಬೇಡ."

ಎದುರಿನ ಬ್ರೆಡ್ಡಿನಂಗಡಿಯ ಅಜ್ಜಿ ಹೊಸ್ತಿಲಿನ ಆಚೆಯೇ ನಿಂತು ಈ ಮಾತು ಹೇಳಿದಾಗ, ದೊಡ್ಡ ಪಟ್ಟಣದಿಂದ ಆಗತಾನೇ ಬಂದಿಳಿದಿದ್ದ ಟೈಲರಮ್ಮನಿಗೆ ನಗು ತಡೆಯಲಿಲ್ಲ. ಹಿಂದಿನ ಗೋಡೆಯ ಮೊಳೆಗೆ ಮರದ ಹ್ಯಾಂಗರಿನಲ್ಲಿ ಕೆನೆಬಣ್ಣದ ಪುಟ್ಟ ಫ್ರಾಕೊಂದು ತೂಗುತ್ತಿತ್ತು. ತೋಳಿನ ನೆರಿಗೆ, ಸೊಂಟದ ಪಟ್ಟಿ, ಕೆಳಗಿನ ಮಡಿಕೆ, ಎಲ್ಲ ಮುಗಿದಿತ್ತು. ಕೊರಳಪಟ್ಟಿ ಮಾತ್ರ ಅರ್ಧಕ್ಕೆ ನಿಂತು, ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು. ಸೂಜಿಯಲ್ಲಿ ನಯವಾದ ಕಪ್ಪು ದಾರ.

"ಯಾಕಜ್ಜಿ, ಕಚ್ಚುತ್ತಾ?"

ಅಜ್ಜಿ ನಗಲಿಲ್ಲ. "ಹಿಂದೆ ಇಲ್ಲೊಬ್ಬ ಟೈಲರ್ ಇದ್ದ. ಕಾಯಿಲೆ ಮಗಳಿಗೆ ಅಂತ ಒಬ್ಬ ತಾಯಿ ಇದನ್ನ ಹೊಲಿಯೋಕೆ ಕೊಟ್ಟಿದ್ಲು. ನಾಳೆ ಬಾ, ನಾಳೆ ಬಾ ಅಂದ. ಮಗು ಕಾಯ್ಲಿಲ್ಲ. ಆ ತಾಯಿ ಮಾಟ ಬಲ್ಲೋಳು. ಸತ್ತ ಮಗಳ ಕೂದಲನ್ನೇ ಹೊಸೆದು ದಾರ ಮಾಡಿ, ಸೂಜಿಗೆ ಪೋಣಿಸಿ ಕೊರಳಲ್ಲಿ ಚುಚ್ಚಿಟ್ಟು ಹೋದ್ಲು. ಇದನ್ನ ಮುಗಿಸಿದ ಕೈಯ ಮಗುವೇ ಇದನ್ನ ತೊಡಲಿ, ತೊಟ್ಟು ನನ್ನ ಮಗಳ ಜೊತೆಗೆ ಹೋಗಲಿ ಅಂದ್ಲು."

"ಹಂಗಾದ್ರೆ ಸುಟ್ಟುಹಾಕೋದಪ್ಪ!"

"ಸುಡೋಕೆ ಹೋದವನ ಮನೇಲಿ ಏನಾಯ್ತು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ."

"ನೀವೊಂದ್ಸಲ ನಮ್ಮ ಸಿಟಿಗೆ ಬನ್ನಿ ಅಜ್ಜಿ. ನಮ್ಮ ಕಟ್ಟಡದಲ್ಲಿ ಲಿಫ್ಟಿಗೇ ದೆವ್ವ ಹಿಡಿದಿತ್ತು. ಐದು ಒತ್ತಿದ್ರೆ ಮೂರಕ್ಕೇ ಬಾಗಿಲು ತೆಗೀತಿತ್ತು!"

ಅಜ್ಜಿ ಬಿಸಿ ಬ್ರೆಡ್ಡಿನ ಪೊಟ್ಟಣವನ್ನು ಎಡಗೈಯಿಂದ ಚಾಚಿದಳು. ಬಲಗೈ ಸ್ವೆಟರಿನ ಜೇಬಿನಲ್ಲೇ ಇತ್ತು. ಅವಳ ಬೆನ್ನ ಹಿಂದೆ, ಬ್ರೆಡ್ಡಿನಂಗಡಿಯ ತೆರೆದ ಬಾಗಿಲಿನಾಚೆ, ಒಲೆಯ ಕೆಂಡದ ಮುಂದೆ ಬೆವರುತ್ತ ಹಿಟ್ಟು ನಾದುತ್ತಿದ್ದ ಮಗಳು ಅಂಥ ಝಳದಲ್ಲೂ ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಎಂದುಕೊಂಡು ಟೈಲರಮ್ಮ ಮೂಟೆ ಬಿಚ್ಚತೊಡಗಿದಳು.

ಗಂಡನಿಲ್ಲದ ಹೆಂಗಸು ಅಷ್ಟು ದೊಡ್ಡ ಪಟ್ಟಣದ ಗಿರಾಕಿಗಳನ್ನೆಲ್ಲ ಬಿಟ್ಟು ಬಂದದ್ದು ಒಂದೇ ಕಾರಣಕ್ಕೆ. ಮಗಳು ಗುಬ್ಬಿಯ ಉಸಿರು. ಪಟ್ಟಣದ ಹೊಗೆ ಆ ಪುಟ್ಟ ಎದೆಗೂಡಿನಲ್ಲಿ ಕೂತುಬಿಟ್ಟಿತ್ತು. ಮಲಗಿದರೆ ಸಿಳ್ಳೆ ಹಾಕಿದ ಹಾಗೆ ಉಸಿರು, ಎದ್ದರೆ ಕೆಮ್ಮು. ಜಾಗ ಬದಲಾಯಿಸಿ, ಇಲ್ಲದಿದ್ದರೆ ನಾನೇನೂ ಹೇಳಲಾರೆ ಎಂದು ಡಾಕ್ಟರು ಕೈಚೆಲ್ಲಿದ್ದರು.

ಜಾಗವೇನೋ ಹಿಡಿಸಿತು. ವಾರ ಕಳೆಯುವಷ್ಟರಲ್ಲಿ ಗುಬ್ಬಿ ಬೀದಿಯ ಆ ತುದಿಯಿಂದ ಈ ತುದಿಗೆ ಓಡತೊಡಗಿದಳು. ಊರಿನವರದ್ದೂ ಬೆಣ್ಣೆಯಂಥ ಮನಸ್ಸು. ಬಡಗಿ ಕೇಳದೆಯೇ ಬಂದು ಕಿಟಕಿಯ ಕೊಂಡಿ ಸರಿಮಾಡಿಕೊಟ್ಟ. ಹಾಲಿನವಳು ಗುಬ್ಬಿಗೆಂದು ಕೆನೆ ಎತ್ತಿಟ್ಟು ತಂದಳು. ಮೇಷ್ಟರು ತಮ್ಮ ಹಳೇ ಕೋಟುಗಳನ್ನೆಲ್ಲ ಹೊತ್ತು ತಂದು, "ಬಿಚ್ಚಿ ಹೊಲೀರಮ್ಮ, ಹೊಟ್ಟೆ ನನ್ನ ಮಾತು ಕೇಳ್ತಿಲ್ಲ" ಎಂದರು. ಮೇಜಿನ ಮೇಲೆ ಬಟ್ಟೆ ಗುಡ್ಡೆಯಾಯಿತು.

ಆದರೆ ಆ ಗುಡ್ಡೆಯಲ್ಲಿ ಮಕ್ಕಳ ಬಟ್ಟೆ ಒಂದೂ ಇರಲಿಲ್ಲ. ಬೀದಿ ತುಂಬ ಮಕ್ಕಳು, ಅವರ ಮೈಮೇಲೆಲ್ಲ ಬೇರೆ ಊರಿನಿಂದ ಕೊಂಡು ತಂದ ಸಿದ್ಧ ಉಡುಪು. ಯಾಕೆಂದು ಕೇಳಿದರೆ ಹಾಲಿನವಳು, "ಚಳಿ ಜಾಸ್ತಿ ಆಯ್ತಲ್ವಾ ಟೈಲರಮ್ಮ?" ಎಂದು ಮಾತು ತೇಲಿಸಿದಳು. ಅಂಗಡಿಗೆ ಬಂದವರು ಯಾರೂ ಹಿಂದಿನ ಗೋಡೆಯತ್ತ ಕಣ್ಣೆತ್ತುತ್ತಿರಲಿಲ್ಲ.

ಟೈಲರಮ್ಮನ ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತಿತ್ತು. ಮೆಷಿನ್ನಿನಿಂದ ತಲೆ ಎತ್ತಿದರೆ ಅದೇ ಬಾಯ್ದೆರೆದ ಕೊರಳು. ಹೆದರಿಕೆಯಲ್ಲ, ಅವಳದು ಬೇರೆಯದೇ ಸಂಕಟ. ಅರ್ಧ ಬಿಟ್ಟ ಕೆಲಸ ಕಂಡರೆ ಅವಳಿಗೆ ಕೈ ತುರಿಸುತ್ತಿತ್ತು. ಹಿಂದೊಮ್ಮೆ ಬಸ್ಸಿನಲ್ಲಿ ಮುಂದೆ ಕೂತಿದ್ದ ಗುರುತಿಲ್ಲದವನ ಅಂಗಿಯ ಬಿಚ್ಚಿದ ಹೊಲಿಗೆಯನ್ನು ಅವನಿಗೆ ತಿಳಿಯದ ಹಾಗೆ ಹಾಕಿಕೊಟ್ಟವಳು ಅವಳು. ಜೊತೆಗೆ ಅಂಗಡಿಯಲ್ಲಿ ಒಂದು ವಾಸನೆ ಎದ್ದಿತ್ತು, ಒದ್ದೆ ಮಣ್ಣು ಮತ್ತು ಸುಟ್ಟ ಕೂದಲಿನದ್ದು. ಗಾಳಿಯಿಲ್ಲದಿದ್ದರೂ ಹ್ಯಾಂಗರು ಕಿರ್, ಕಿರ್ ಎನ್ನುತ್ತಿತ್ತು. ಡಬ್ಬಿಯಿಂದ ಚೆಲ್ಲಿದ ಗುಂಡುಪಿನ್ನುಗಳು ಒಂದು ಸಂಜೆ ಎಲ್ಲವೂ ಆ ಗೋಡೆಯ ಕಡೆಗೇ ಮೊನೆ ಮಾಡಿ ಬಿದ್ದಿದ್ದವು. ನೆಲ ಓರೆ ಇರಬೇಕು ಎಂದುಕೊಂಡಳು.

ಒಂದು ಮಧ್ಯಾಹ್ನ ಕೈಯಲ್ಲಿ ಕೆಲಸವಿರಲಿಲ್ಲ. ಗುಬ್ಬಿ ಮೇಲೆ ಮಲಗಿದ್ದಳು. ಟೈಲರಮ್ಮ ಫ್ರಾಕನ್ನು ಇಳಿಸಿ ಮಡಿಲಲ್ಲಿ ಹರಡಿಕೊಂಡಳು. ಎಂಥ ಕೈಗೆಲಸ! ಸುಮ್ಮನೆ ನೋಡೋಣವೆಂದು ಸೂಜಿ ಹಿಡಿದಳು, ಅಷ್ಟೇ. ಸೂಜಿ ಬೆಚ್ಚಗಿತ್ತು. ಬಟ್ಟೆಯೊಳಗೆ ಮೀನು ನೀರಿಗಿಳಿದ ಹಾಗೆ ಇಳಿಯಿತು. ಒಂದು ಹೊಲಿಗೆ. ಇನ್ನೊಂದು. ಕೈ ತನ್ನಷ್ಟಕ್ಕೆ ಓಡಿತು. ಕೊನೆಗೆ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಾಗ ನಾಲಗೆಗೆ ಉಪ್ಪು ಹತ್ತಿತು.

ಏನೂ ಆಗಲಿಲ್ಲ. ಫ್ರಾಕನ್ನು ಮೊಳೆಗೆ ತೂಗಿಹಾಕಿ, "ನೋಡಿದ್ರಾ ಅಜ್ಜಿ" ಎಂದು ತನ್ನಷ್ಟಕ್ಕೆ ನಕ್ಕು ಹಿತ್ತಿಲಿಗೆ ನೀರು ಹಿಡಿಯಲು ಹೋದಳು.

ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಕರೆಂಟು ಹೋಗಿತ್ತು. ಮೊಳೆಯಲ್ಲಿ ಬರೀ ಹ್ಯಾಂಗರು ತೂಗಾಡುತ್ತಿತ್ತು. ನಿಲುವುಗನ್ನಡಿಯ ಮುಂದೆ ಗುಬ್ಬಿ ಬೆನ್ನು ಮಾಡಿ ನಿಂತಿದ್ದಳು. ಮೈಮೇಲೆ ಅದೇ ಫ್ರಾಕು. ಗುಬ್ಬಿಗೆ ಚಿಕ್ಕದಾಗಬೇಕಿದ್ದ ಫ್ರಾಕು, ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು.

"ಯಾರೇ ಹಾಕ್ಕೋ ಅಂದಿದ್ದು ನಿಂಗೆ? ತೆಗಿ ಅದನ್ನ!"

"ನಾನು ಹಾಕ್ಕೊಂಡಿಲ್ಲ ಅಮ್ಮ" ಎಂದಳು ಗುಬ್ಬಿ.

ಆಮೇಲೆ ಆ ಸಿಳ್ಳೆ ಕೇಳಿಸಿತು. ಪಟ್ಟಣದಲ್ಲೇ ಬಿಟ್ಟು ಬಂದೆವೆಂದುಕೊಂಡಿದ್ದ ಸಿಳ್ಳೆ. ಕೊರಳಪಟ್ಟಿ ಬಿಗಿಯುತ್ತಿತ್ತು. ಮಗಳ ತುಟಿ ಬೂದಿಬಣ್ಣಕ್ಕೆ ತಿರುಗಿತು. ಟೈಲರಮ್ಮ ದೊಡ್ಡ ಕತ್ತರಿ ತಂದಳು. ಕತ್ತರಿ ಕಚ್ಚಲಿಲ್ಲ. ಜಾರಿತು. ಮತ್ತೆ ಹಾಕಿದಳು. ಅಲಗೇ ಮುಕ್ಕಾಯಿತು.

"ಕತ್ತರಿ ಬೇಡ!" ಅಜ್ಜಿ ಬಾಗಿಲಲ್ಲಿದ್ದಳು. ಹೊಸ್ತಿಲು ದಾಟಲಿಲ್ಲ. "ಹೊಲಿದ ಕೈಯೇ ಬಿಚ್ಚಬೇಕು. ಕೊನೇ ಹೊಲಿಗೆಯಿಂದ ಹಿಂದಕ್ಕೆ ಬಾ. ಏನೇ ಆಗ್ಲಿ, ನಿಲ್ಲಿಸ್ಬೇಡ ಮಗಳೇ!"

ಟೈಲರಮ್ಮ ಸೂಜಿಮೊನೆಯಿಂದ ಗಂಟು ಮೀಟಿದಳು. ಗಂಟು ಬಿಟ್ಟಿತು. ಗುಬ್ಬಿ ಒಂದು ಎಳೆ ಉಸಿರು ಎಳೆದಳು. ಬಿಚ್ಚಿದ ದಾರ ಕೆಳಗೆ ಬೀಳಲಿಲ್ಲ. ಬೆರಳಿಗೆ ಸುತ್ತಿಕೊಂಡಿತು. ಚುಚ್ಚಿತು. ಒಳಗಿಳಿಯಿತು. ಅವಳು ಚೀರಿದಳು.

"ನಿಲ್ಲಿಸ್ಬೇಡ!"

ಇನ್ನೊಂದು ಹೊಲಿಗೆ. ಒಂದು ಉಸಿರು. ಕಿರುಬೆರಳು ಅಂಗೈಗೆ ಮಡಚಿಕೊಂಡಿತು. ಮತ್ತೊಂದು. ಉಂಗುರದ ಬೆರಳು. ರಕ್ತ ಬರಲಿಲ್ಲ. ದಾರ ಮಾತ್ರ ಓಡುತ್ತಿತ್ತು, ಒಳಗೂ ಹೊರಗೂ, ಅವಳೇ ಹಾಕಿದ್ದ ಆ ಒಪ್ಪವಾದ ಸಣ್ಣ ಹೊಲಿಗೆ. ಎಲ್ಲೋ ಹತ್ತಿರದಲ್ಲೇ ಒಂದು ಮಗು ನಗುತ್ತಿತ್ತು. ಗುಬ್ಬಿಯಲ್ಲ. ನಡುಬೆರಳು ಹೋಯಿತು. ಹೆಬ್ಬೆರಳು, ತೋರುಬೆರಳು ಉಳಿದವು. ಸೂಜಿ ಹಿಡಿಯುವ ಬೆರಳುಗಳು. ಹೊಟ್ಟೆ ಹೊರೆದ ಬೆರಳುಗಳು. ಒಂದು ಗಳಿಗೆ ಕೈ ತಡೆಯಿತು.

ಸಿಳ್ಳೆ ನಿಂತಿತು. ಉಸಿರೂ ನಿಂತಿತು.

ಟೈಲರಮ್ಮ ಕಣ್ಣು ಮುಚ್ಚಿ ಉಳಿದ ಹೊಲಿಗೆಗಳನ್ನೆಲ್ಲ ಒಂದೇ ಎಳೆತಕ್ಕೆ ಎಳೆದಳು.

ಫ್ರಾಕು ಕಳಚಿ ನೆಲಕ್ಕೆ ಬಿತ್ತು. ಗುಬ್ಬಿ ಕೆಮ್ಮಿ, ಅತ್ತು, ಅಮ್ಮನ ಮೈಮೇಲೆ ಬಿದ್ದಳು. ಅವಳ ಕುತ್ತಿಗೆಯ ಸುತ್ತ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳ ಸರ. ಅಮ್ಮನ ಬಲಗೈ ಮುಷ್ಟಿಯಾಗಿ ಮುಚ್ಚಿಹೋಗಿತ್ತು, ಇನ್ನೆಂದೂ ಬಿಚ್ಚದ ಹಾಗೆ.

ಅಜ್ಜಿ ಸ್ವೆಟರಿನ ಜೇಬಿನಿಂದ ತನ್ನ ಬಲಗೈ ತೆಗೆದು ತೋರಿಸಿದಳು. ಅದೂ ಮುಷ್ಟಿ. ಹೊಲಿಗೆ ಹಳತಾಗಿ ಚರ್ಮದಲ್ಲಿ ಸೇರಿಹೋಗಿತ್ತು.

"ಇದನ್ನ ಅವತ್ತೇ ತೋರಿಸ್ಬಾರ್ದಿತ್ತಾ ಅಜ್ಜಿ?"

"ನನಗೆ ಹೇಳಿದವಳು ತೋರಿಸಿದ್ಲು ತಾಯಿ. ನಾನು ಕೇಳಿದ್ನಾ?"

ಫ್ರಾಕನ್ನು ಟ್ರಂಕಿಗೆ ಹಾಕಿ ಬೀಗ ಜಡಿದರು. ಬೆಳಗಾಗುವಾಗ ಅದು ಮೊಳೆಯಲ್ಲೇ ಇತ್ತು. ಕೊರಳು ಬಾಯ್ದೆರೆದಿತ್ತು, ಸೂಜಿ ಚುಚ್ಚಿಕೊಂಡಿತ್ತು.

ಊರಿನವರು ಕೈಬಿಡಲಿಲ್ಲ, ಅಷ್ಟು ಒಳ್ಳೆಯವರು. ಬ್ರೆಡ್ಡಿನಂಗಡಿಯಲ್ಲಿ ಕೆಲಸ ಸಿಕ್ಕಿತು. ಗುಬ್ಬಿಗೆ ಹಾಲಿನವಳು ಸ್ಕಾರ್ಫು ತಂದುಕೊಟ್ಟಳು. ಆದರೆ ಊರೆಂದ ಮೇಲೆ ಟೈಲರ್ ಒಬ್ಬ ಬೇಕಲ್ಲ? ಅಂಗಡಿಯ ಯಜಮಾನ ಪಟ್ಟಣಕ್ಕೆ ಹೇಳಿಕಳಿಸಿದ. ಗಾಳಿ ಚೆನ್ನಾಗಿದೆ, ಜನ ಚೆನ್ನಾಗಿದ್ದಾರೆ.

ಎಳೆಗೂಸನ್ನು ಎತ್ತಿಕೊಂಡ ಹೆಂಡತಿಯೊಡನೆ ಹೊಸ ಟೈಲರು ಬಂದಿಳಿದ ದಿನ ಟೈಲರಮ್ಮ ಎಡಗೈಯಲ್ಲಿ ಬಿಸಿ ಬ್ರೆಡ್ಡು ಹಿಡಿದು ಹೋದಳು. ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು, ಒಂದೂ ಬಿಡದೆ. ಜೇಬಿನಿಂದ ಮುಷ್ಟಿ ತೆಗೆದು ಅವನ ಕಣ್ಣ ಮುಂದೆಯೇ ಹಿಡಿದಳು.

"ಅಯ್ಯೋ ಅಕ್ಕ, ಯಾವ ಮೆಷಿನ್ನಿಗೆ ಸಿಕ್ಕಿತು?" ಎಂದು ಅವನು ಮರುಗಿದ. ಕಣ್ಣು ಮಾತ್ರ ಆಗಲೇ ಹಿಂದಿನ ಗೋಡೆಯ ಮೇಲಿತ್ತು.

"ಎಂಥ ಕೈಗೆಲಸ ಅಕ್ಕ ಇದು! ಕೊರಳೊಂದನ್ನ ಯಾಕೆ ಹಂಗೇ ಬಿಟ್ರಿ?"

ಅವನ ಬಲಗೈಯ ಹೆಬ್ಬೆರಳು, ತೋರುಬೆರಳು, ದಾರದ ತುದಿ ಹೊಸೆಯುವ ಹಾಗೆ, ಆಗಲೇ ಒಂದಕ್ಕೊಂದು ತಿಕ್ಕಾಡುತ್ತಿದ್ದವು.