ಗಡಿಯಾರದವನ ಬೆದರಿಕೆ ಪತ್ರ

"ಏನ್ರೀ ಇದು? ನನ್ನನ್ನೇ ಹೆದರಿಸ್ತೀರಾ?"

ಡಾನ್ಸ್ ಟೀಚರ್ ಕಾಗದವನ್ನು ಮೇಜಿಗೆ ಬಡಿದಳು. ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯುವುದನ್ನೂ ಮರೆತು ಎದ್ದು ನಿಂತ.

ಅವಳ ಕ್ಲಾಸು ಮೇಲೆ, ಅವನ ಅಂಗಡಿ ಕೆಳಗೆ. ಮೆಟ್ಟಿಲಲ್ಲಿ ಎದುರಾದರೆ ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಅವಳು ಬೇಕೆಂದೇ ನಿಧಾನವಾಗಿ ಇಳಿಯುತ್ತಿದ್ದಳು! ಮಾತು ಮಾತ್ರ ಆಡಿರಲಿಲ್ಲ. ಆಡಿದ ಮೊದಲ ಮಾತೇ ಜಗಳ, ನೋಡಿ.

"ಹೆದರಿಸಿದ್ನಾ? ನಾನಾ?"

"ಮತ್ತೇನು? ಡಾನ್ಸ್ ನಿಲ್ಲಿಸದಿದ್ರೆ 'ಯು ವಿಲ್ ಫೇಸ್ ದ ಕಾನ್ಸಿಕ್ವೆನ್ಸಸ್' ಅಂತ ಬರೆದಿದ್ದೀರಲ್ಲ! ಏನ್ ಮಾಡ್ತೀರಿ, ಕೈಕಾಲು ಮುರೀತೀರಾ? ದೊಡ್ಡಮ್ಮನಿಗೆ ತೋರಿಸಿಯಾಯ್ತು. ಸೋಮವಾರದೊಳಗೆ ಅಂಗಡಿ ಖಾಲಿ ಮಾಡ್ಬೇಕಂತೆ."

ಕಟ್ಟಡ ಮೇಲಿನ ಕೊನೆಯ ಮಹಡಿಯಲ್ಲಿದ್ದ ದೊಡ್ಡಮ್ಮನದು. ಅವರ ಮಾತೆಂದರೆ ಮಾತೇ. ಅವನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಜಿಗಿದರು. ಧಡ್! ಚಾವಣಿಯಿಂದ ಅಂಗೈಯಗಲದ ಗಾರೆ ಕಳಚಿ ಬಿಚ್ಚಿಟ್ಟಿದ್ದ ಗಡಿಯಾರದ ಮೇಲೆಯೇ ಬಿತ್ತು.

"ಇದಕ್ಕೇ ಬರೆದಿದ್ದು... ಹೀಗಾಗುತ್ತೆ, ಒಂದಿನ ನಿಮ್ಮ ನೆಲಾನೇ ಕುಸಿಯುತ್ತೆ ಅಂತ. ಕಾನ್ಸಿಕ್ವೆನ್ಸಸ್ ಅಂದ್ರೆ ಪರಿಣಾಮ ಅಂತಾನೇ ಅಲ್ವಾ ಅರ್ಥ?"

ಅವಳ ಸಿಟ್ಟು ಜರ್ರನೆ ಇಳಿಯಿತು.

"ಅಯ್ಯೋ! ಹಾಗೆ ಬರೆಯೋದು ತಪ್ಪು ಮಾಡಿದವರಿಗೆ... ನೀನು ಮಾಡಿದ್ದನ್ನ ನೀನೇ ಅನುಭವಿಸ್ತೀಯ ಅಂತ. ಗಾರೆ ಬೀಳುತ್ತೆ ಅನ್ನೋದಾದ್ರೆ ಗಾರೆ ಬೀಳುತ್ತೆ ಅಂತಾನೇ ಬರೀಬೇಕು ಕಣ್ರೀ!"

"ಇಂಗ್ಲಿಷಲ್ಲಿ ಬರೆದ್ರೆ ಮರ್ಯಾದೆಯಾಗಿರುತ್ತೆ ಅಂದ್ಕೊಂಡೆ..."

'ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತಾ? ಸೋಮವಾರ ಇವನು ಹೋಗಿಬಿಟ್ಟರೆ...' ಅವಳು ಕಾಗದವನ್ನು ಮತ್ತೆ ಕೈಗೆತ್ತಿಕೊಂಡಳು. ಮೆಟ್ಟಿಲಲ್ಲಿ ಇನ್ನು ಯಾರಿಗಾಗಿ ನಿಧಾನ ಮಾಡಬೇಕು?

"ಕೂತ್ಕೊಳ್ಳಿ. ದೊಡ್ಡಮ್ಮನಿಗೆ ಹೊಸದಾಗಿ ಬರೆಯೋಣ. ನಿಮಗೆ ಏನೇನಾಗ್ತಿದೆ, ಹೇಳಿ."

ಅವನು ಹೇಳಿದ, ಅವಳು ಬರೆದಳು. ಸ್ಕ್ರೂ ಹಾರಿ ಕಳೆದುಹೋಗುತ್ತದೆ. ಗಾರೆ ಉದುರುತ್ತದೆ. ನೆಲ ಕುಸಿದರೆ ಮಕ್ಕಳಿಗೇ ಅಪಾಯ. ಬೆದರಿಕೆಯ ಸೊಲ್ಲೇ ಇಲ್ಲ.

ಕಾಗದ ಓದಿದ ದೊಡ್ಡಮ್ಮ ಸರಸರನೆ ಇಳಿದು ಬಂದು ಚಾವಣಿಗೆ ಕತ್ತೆತ್ತಿದರು.

"ಮೊದಲೇ ಹೀಗೆ ಬಾಯಿಬಿಟ್ಟು ಹೇಳೋಕೇನಾಗಿತ್ತಯ್ಯಾ? ನಾಳೆಯೇ ಗಾರೆಯವನನ್ನ ಕರೆಸ್ತೀನಿ. ನೀನು ಎಲ್ಲಿಗೂ ಹೋಗ್ಬೇಡ. ಏನೇ, ಅಲ್ಲೀವರೆಗೂ ಕುಣಿತ ಬಂದ್!"

ಅವರು ಹೋದ ಮೇಲೆ ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಮೇಲೆ ಬಂದು ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?"

"ಎಷ್ಟೋ ಸಲ ಬಾಗಿಲ ತನಕ ಬಂದೆ... ನಿಮ್ಮನ್ನ ನೋಡಿದ್ರೆ ಗಾರೆ ವಿಷಯ ಬಾಯಿಗೇ ಬರ್ತಿರ್ಲಿಲ್ಲ."

"ಮತ್ತೇನು ಬರ್ತಿತ್ತು?"

ಅವನ ಕಿವಿಗಳು ಕೆಂಪಾದವು.

"ನೀವಂದ್ರೆ ನಂಗಿಷ್ಟ... ಬಾಳ ಇಷ್ಟ."

ಅವಳ ಕಣ್ಣುಗಳು ತುಂಬಿ ಬಂದವು, ತುಟಿಯಲ್ಲಿ ಮಾತ್ರ ನಗು!

"ನಂಗೂ ಕಣ್ರೀ... ಇಷ್ಟು ಹೇಳೋಕೆ ಚಾವಣಿ ಬೀಳ್ಬೇಕಿತ್ತಾ?"