ಇಬ್ಬರು ಹೊರುವ ಬ್ಯಾಟರಿ

"ನಾನೇ ಕೊಂದೆ ಅಂತಾರೆ, ಅಕ್ಕ. ಕೊಂದಿದ್ರೆ ನನಗಾದ್ರೂ ಗೊತ್ತಾಗ್ಬೇಕಲ್ವಾ?"

ವಾಚನಾಲಯದ ಹೊಸ್ತಿಲಲ್ಲೇ ನಿಂತು ಆಕೆ ಕೇಳಿದ ಮೊದಲ ಮಾತು ಇದು. ಮೊನ್ನೆ ಮೊನ್ನೆಯವರೆಗೆ ದೋಣಿಯವನ ಹೆಂಡತಿ, ಈಗ ಅವನ ವಿಧವೆ. ಪ್ರಶ್ನೆಯಕ್ಕ ಓದುತ್ತಿದ್ದ ಪುಸ್ತಕ ಮಡಚಿ ಕುರ್ಚಿ ಎಳೆದುಕೊಟ್ಟರು.

ಆ ಹೆಸರು ಊರೇ ಇಟ್ಟದ್ದು. ಒಂದು ಕಾಲಕ್ಕೆ ಅವರು ಕಾರ್ಖಾನೆಗಳ ತಪಾಸಣಾಧಿಕಾರಿ. ಮಾಲೀಕರಿಗೆ ಹಿಡಿಸದ ಪ್ರಶ್ನೆ ಕೇಳಿ ಕೆಲಸ ಕಳೆದುಕೊಂಡು, ನಮ್ಮ ವಾಚನಾಲಯದ ಮೇಲಿನ ಕೋಣೆಗೆ ಬಂದವರು. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರು ನಮ್ಮ ಮೆಟ್ಟಿಲು ಹತ್ತುತ್ತಿದ್ದರು. ಪುಸ್ತಕ ಜೋಡಿಸುವುದು, ಅವರ ಚೀಲ ಹಿಡಿದು ಹಿಂದೆ ನಡೆಯುವುದು, ಇವೆರಡೇ ನನ್ನ ಕೆಲಸ.

ಆಕೆ ಹೇಳಿದ್ದು ಇಷ್ಟು. ನಡುಕಡಲಲ್ಲಿ ಗಂಡನ ಪುಟ್ಟ ದೋಣಿಯ ದೀಪ ಆರಿತು, ರೇಡಿಯೋ ಮೂಕವಾಯಿತು. ಕತ್ತಲಲ್ಲಿ ಬಂದ ದೊಡ್ಡ ದೋಣಿಗೆ ಇವನು ಕಾಣಲೇ ಇಲ್ಲ, ಡಿಕ್ಕಿ ಹೊಡೆಯಿತು. ಮುರಿದ ದೋಣಿಯನ್ನು ಎಳೆದು ತಂದಾಗ ಬ್ಯಾಟರಿ ಕಡಲನೀರು ತಾಗದೆ ತನ್ನ ಪೆಟ್ಟಿಗೆಯಲ್ಲೇ ಇತ್ತು, ಆದರೆ ಸತ್ತಿತ್ತು. ಮೀನುಗಾರರ ಸಂಘದ ಕಾರ್ಯದರ್ಶಿ ಅದನ್ನು ನೋಡಿ ತೀರ್ಪು ಕೊಟ್ಟರು: ಬ್ಯಾಟರಿ ನೋಡಿಕೊಳ್ಳುತ್ತಿದ್ದವಳು ಹೆಂಡತಿ, ಶುದ್ಧ ನೀರಿನ ಬದಲು ಉಪ್ಪುನೀರು ಎರೆದಿದ್ದಾಳೆ. ಅಂದಿನಿಂದ ಅತ್ತೆ ಸೊಸೆಯ ಕೈಯಿಂದ ಒಂದು ಲೋಟ ನೀರು ಮುಟ್ಟಿಲ್ಲ. ಪುಟ್ಟ ಮಗಳೂ ಈಗ ಲೋಟ ಮೂಸಿ ನೋಡುತ್ತಾಳಂತೆ. ಮರುದಿನ ಸಂಘದ ಸಭೆ. ಅಜಾಗರೂಕತೆಯಿಂದಾದ ಸಾವು ಎಂದು ಅವಳ ಮೇಲೆ ದೂರು ಕೊಡುವುದು, ದೋಣಿಯನ್ನು ಮೈದುನನಿಗೆ ವಹಿಸುವುದು, ಎರಡೂ ಅಲ್ಲೇ ತೀರ್ಮಾನ.

ಬ್ಯಾಟರಿ ಆರಿಸಿದ್ದು ಯಾರು ಎಂದು ಪ್ರಶ್ನೆಯಕ್ಕ ಕೇಳಿದರು.

"ಅವರೇ. ಕಾರಿಂದು ಬೇಡ ಅಂತ ಹಠ ಮಾಡಿದ್ರು. ಕಾರಿನ ಬ್ಯಾಟರಿ ಎಂಜಿನ್‌ಗೆ ಒಂದು ಒದೆ ಕೊಟ್ಟು ಮಲಗುತ್ತೆ, ನಮಗೆ ರಾತ್ರಿಯೆಲ್ಲಾ ದೀಪ ಹಿಡ್ಕೊಂಡು ನಿಲ್ಲೋದು ಬೇಕು ಅಂತಿದ್ರು. ಒಳಗೆ ದಪ್ಪ ತಗಡು ಇರೋದು ತಂದ್ರು. ಹೆಣಭಾರ. ಆ ಕಡೆ ಹಿಡಿ ಅವರು, ಈ ಕಡೆ ಹಿಡಿ ನಾನು."

ಚಾರ್ಜ್ ಪೂರ್ತಿಯಾದ ಮೇಲೆ, ತಗಡು ಮುಳುಗುವಷ್ಟೇ, ಅಂಗಡಿಯ ಶುದ್ಧ ನೀರನ್ನೇ ಹಾಕುತ್ತಿದ್ದಳಂತೆ. ಈಚೆಗೆ ಸಂಘದ ಹೊಸ ಕಟ್ಟಳೆಯಂತೆ ಎಲ್ಲರ ಬ್ಯಾಟರಿಯೂ ಸಂಘದ ಕೊಟ್ಟಿಗೆಯಲ್ಲೇ ಚಾರ್ಜ್ ಆಗಬೇಕು. ಸಂಘದ ಗಾಡಿಯೇ ಅದನ್ನು ತಂದು ದೋಣಿಯಲ್ಲಿ ಕೂರಿಸುತ್ತದೆ. ಗಂಡ ಕಡಲಿಗಿಳಿಯುವ ಹಿಂದಿನ ಸಂಜೆ ಆಕೆ ಅಲ್ಲೇ ನೀರು ಹಾಕಿ, ಬೀಗ ಬೀಳುವವರೆಗೆ ನಿಂತು ಬಂದಿದ್ದಳು.

ನಾವು ಕೊಟ್ಟಿಗೆಗೆ ಹೋದೆವು. ಮೂಲೆಯಲ್ಲಿ ಬ್ಯಾಟರಿ ಇತ್ತು, ಮೇಲೆ ಬಿಳಿ ಬಣ್ಣದಲ್ಲಿ ಅವರ ದೋಣಿಯ ಸಂಖ್ಯೆ. ಸ್ವಲ್ಪ ಬೆಳಕಿಗೆ ತರುತ್ತೀಯಾ ಎಂದು ಪ್ರಶ್ನೆಯಕ್ಕ ಕೇಳಿದಾಗ ಆಕೆ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟಳು. "ಸಂಕಟದಲ್ಲಿ ಮೈಗೆ ಎಲ್ಲಿಂದ ಬಲ ಬರುತ್ತೋ," ಎಂದು ಸೆರಗಿನಿಂದ ಕೈ ಒರೆಸಿಕೊಂಡಳು. ಪ್ರಶ್ನೆಯಕ್ಕ ಮುಚ್ಚಳ ತೆಗೆದು ಇಣುಕಿದರು. ಮತ್ತೆ ಮುಚ್ಚಿದರು.

ನನ್ನ ಅನುಮಾನವೆಲ್ಲ ಮೈದುನನ ಮೇಲೆ. ದೋಣಿ ಸಿಗುವುದು ಅವನಿಗೇ ತಾನೆ? ಬಲೆ ಬಿಡಿಸುತ್ತಿದ್ದವನು ನಮ್ಮನ್ನು ಕಂಡು ಮುಖ ತಿರುಗಿಸಿದ. ಆ ರಾತ್ರಿಯ ಬಗ್ಗೆ ಕೇಳಿದರೆ ಬಲೆಯ ಗಂಟೊಂದನ್ನು ಬಿಡಿಸುತ್ತಲೇ ಇದ್ದ.

"ಕರೆಂಟ್ ಹೋಗಿ ದಡ ಕಾಣ್ತಿರಲಿಲ್ಲ," ಎಂದ ಕೊನೆಗೆ. "ಕಾರ್ಯದರ್ಶಿಗಳ ಮಹಡಿ ಮೇಲೆ ಮಾತ್ರ ದೀಪ. ಅದನ್ನೇ ನೋಡ್ಕೊಂಡು ಅಣ್ಣನ ಹೆಣ ತಂದ್ವಿ."

ವಾಪಸು ಬರುವಾಗ ಬೀದಿ ತಿರುವಿನಲ್ಲಿ ಇಸ್ತ್ರಿಯವನು ಯಾರ ಮೇಲೋ ರೇಗುತ್ತಾ ಕೂತಿದ್ದ. ಕಾರ್ಯದರ್ಶಿಗಳ ಮನೆಯ ಬಟ್ಟೆ ಒಗೆಯುವ ಕೆಲಸ ಕೈತಪ್ಪಿತಂತೆ. ಹತ್ತಿಯ ಅಂಗಿ, ಒಗೆಯುವ ಮುಂಚೆ ಒಂದು ಕಲೆಯೂ ಇರಲಿಲ್ಲ. ನೀರಿಗೆ ಹಾಕಿ ತೆಗೆದರೆ ಹೊಟ್ಟೆಯ ಭಾಗವೆಲ್ಲ ಜರಡಿ.

"ಹೊಟ್ಟೆ ಜಾಸ್ತಿಯಾಗಿ ಬಟ್ಟೆ ಹೆದರಿರ್ಬೇಕು ಸ್ವಾಮಿ ಅಂದೆ. ಅಂಗಿ ನನ್ನ ಮುಖಕ್ಕೇ ಎಸೆದ್ರು."

ಪ್ರಶ್ನೆಯಕ್ಕ ಆ ಅಂಗಿಯನ್ನು ಕೇಳಿ ಇಸಿದುಕೊಂಡರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಈ ಊರಲ್ಲಿ ನೋಡು," ಎಂದರು ನನಗೆ, "ನೀರು ಹಾಕಿದವಳದೇ ತಪ್ಪು, ಒಗೆದವನದೇ ತಪ್ಪು."

ಮರುದಿನ ಸಂಘದ ಸಭಾಂಗಣ ತುಂಬಿತ್ತು. ನಮ್ಮ ಕೋರಿಕೆಯಂತೆ ಇನ್ಸ್‌ಪೆಕ್ಟರ್ ಬಂದಿದ್ದರು. ಅತ್ತೆ ಸೊಸೆಗೆ ಬೆನ್ನು ಹಾಕಿ ಕೂತಿದ್ದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಕಾರ್ಯದರ್ಶಿಗಳು ಭಾಷಣ ಆರಂಭಿಸಿದರು. ಪ್ರಶ್ನೆಯಕ್ಕ ಎದ್ದು ನಿಂತರು.

"ಈ ಬ್ಯಾಟರಿಯಲ್ಲಿ ಉಪ್ಪಿದೆಯೋ ಸಕ್ಕರೆ ಇದೆಯೋ, ಅದು ಆಮೇಲಿನ ಮಾತು. ಇದು ಆಕೆಯದಲ್ಲ."

ಸಭೆ ಗುಜುಗುಜು ಎಂದಿತು. ಅವರು ಒಂದೊಂದನ್ನೇ ಬಿಡಿಸಿದರು. ಗಂಡ ಹೆಂಡತಿ ಸೇರಿ ಹೊರುತ್ತಿದ್ದ ಬ್ಯಾಟರಿಯನ್ನು ನಿನ್ನೆ ಆಕೆ ಒಬ್ಬಳೇ ಎತ್ತಿದಳು. ಸಂಕಟಕ್ಕೆ ಸೀಸದ ತೂಕ ಇಳಿಸುವ ಶಕ್ತಿ ಇಲ್ಲ. ಮುಚ್ಚಳದೊಳಗೆ ಕಂಡದ್ದು ಒತ್ತೊತ್ತಾದ ತೆಳು ತಗಡು, ಅಂದರೆ ಕಾರಿನ ಹಳೆಯ ಬ್ಯಾಟರಿ. ಅದು ಕೆಲಹೊತ್ತು ದೀಪ ಉರಿಸಿ ಸತ್ತಿತು. ಗಾಡಿಯೇ ತಂದಿಟ್ಟದ್ದರಿಂದ ಸತ್ತವನು ಅದನ್ನು ಎತ್ತಿ ನೋಡಲಿಲ್ಲ. ಎತ್ತಿದ್ದರೆ ಇವತ್ತು ಬದುಕಿರುತ್ತಿದ್ದ. ಸಂಖ್ಯೆ ಬರೆಯುವ ಅಚ್ಚು, ಕೊಟ್ಟಿಗೆಯ ಬೀಗದ ಕೈ, ಎರಡೂ ಇರುವುದು ಒಬ್ಬರ ಬಳಿ.

"ನಾನು ಬ್ಯಾಟರಿ ಮುಟ್ಟಿದವನೇ ಅಲ್ಲ," ಎಂದರು ಕಾರ್ಯದರ್ಶಿಗಳು.

ಪ್ರಶ್ನೆಯಕ್ಕ ಅಂಗಿ ಬಿಡಿಸಿ ಹಿಡಿದರು. ಜನ ನಕ್ಕರು, ಆಮೇಲೆ ನಗು ತಾನಾಗಿ ನಿಂತಿತು.

"ಬ್ಯಾಟರಿಯ ಆಸಿಡ್ ಹತ್ತಿ ಬಟ್ಟೆಗೆ ತಾಗಿದ್ರೆ ಆಗಲೇ ಕಾಣಲ್ಲ, ಒಗೆದ ಮೇಲೆ ತೂತು ಬೀಳುತ್ತೆ. ಇಬ್ಬರು ನೆಟ್ಟಗೆ ಹಿಡಿದು ಹೊತ್ರೆ ಒಂದು ಹನಿ ಚೆಲ್ಲಲ್ಲ. ಕದ್ದವರು ಇನ್ನೊಬ್ಬರನ್ನ ಕರೆಯೋ ಹಾಗಿಲ್ಲ. ಹೊಟ್ಟೆಗೆ ಒತ್ಕೊಂಡು, ಓರೆ ಮಾಡ್ಕೊಂಡು, ಒಬ್ಬರೇ ಹೊರ್ಬೇಕು. ಊರೆಲ್ಲಾ ಕತ್ತಲಾದಾಗ ನಿಮ್ಮ ಮಹಡಿ ದೀಪ ಯಾವುದರಿಂದ ಉರೀತು ಸ್ವಾಮಿ?"

ಇನ್ಸ್‌ಪೆಕ್ಟರ್ ಎದ್ದರು. ಎಲ್ಲರೂ ಅವರ ಮನೆಗೆ ನಡೆದೆವು. ಮೆಟ್ಟಿಲಿನ ಕೆಳಗೆ ಇನ್ವರ್ಟರ್ ಪಕ್ಕದಲ್ಲೇ ಅದು ಇತ್ತು. ಸಂಖ್ಯೆಯನ್ನು ಕೆರೆದಿದ್ದರೂ ಗೀರುಗಳ ನಡುವೆ ಬಿಳಿ ಬಣ್ಣ ಉಳಿದಿತ್ತು. ಆ ರಾತ್ರಿ ಮೇಲಧಿಕಾರಿಗಳು ಊಟಕ್ಕೆ ಬರುವವರಿದ್ದರು, ಮನೆಯ ಬ್ಯಾಟರಿ ಕೈಕೊಟ್ಟಿತ್ತು, ಕರೆಂಟ್ ಹೋದರೆ ಕತ್ತಲಲ್ಲಿ ಬಡಿಸುವುದು ಹೇಗೆ ಎಂದು ಕಾರ್ಯದರ್ಶಿಗಳು ತೊದಲಿದರು.

"ಒಂದೇ ರಾತ್ರಿ ಅಂದ್ಕೊಂಡೆ. ಬೆಳಗ್ಗೆ ವಾಪಸ್ ಇಡೋನಿದ್ದೆ."

"ನನ್ನ ಮಗನಿಗೂ ಅದೊಂದೇ ರಾತ್ರಿ ಬೇಕಾಗಿತ್ತು," ಎಂದಳು ಅತ್ತೆ.

ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು, ಇದು ಸಾಕ್ಷ್ಯ, ಇಲ್ಲೇ ಇರಲಿ, ಆಮೇಲೆ ಜೀಪು ಕಳಿಸಿ ತರಿಸುತ್ತೇನೆ ಎಂದರು. ಸೊಸೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಬಗ್ಗಿ ಒಂದು ಹಿಡಿ ಹಿಡಿದು ಎಳೆದಳು, ಬ್ಯಾಟರಿ ಮಿಸುಕಲಿಲ್ಲ. ಅಭ್ಯಾಸಬಲದಿಂದ ಅವಳ ಕಣ್ಣು ಎದುರಿನ ಖಾಲಿ ಜಾಗಕ್ಕೆ ಹೋಯಿತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಆ ಜಾಗದಲ್ಲಿ ಬಂದು ಕೂತಳು, ಇನ್ನೊಂದು ಹಿಡಿಗೆ ಕೈ ಹಾಕಿದಳು.

"ಠಾಣೆಗೆ ನಾವೇ ತರ್ತೀವಿ ಸಾಹೇಬ್ರೇ. ದಾರಿಯಲ್ಲಿ ಮತ್ತೆ ಬದಲಾಗ್ಬಾರ್ದು."

ಇಬ್ಬರೂ ಅದನ್ನು ನೆಟ್ಟಗೆ ಎತ್ತಿ ಬೀದಿಗಿಳಿದರು. ಊರು ಹಿಂದೆ ನಡೆಯಿತು; ಮೈದುನ ತಲೆ ತಗ್ಗಿಸಿ ಎಲ್ಲರ ಹಿಂದೆ. ನಡುದಾರಿಯಲ್ಲಿ ಭಾರ ಕೆಳಗಿಟ್ಟು ಉಸಿರು ಬಿಟ್ಟಾಗ ಮುದುಕಿ ಸೊಸೆಯ ಮುಖ ನೋಡದೆ ಹೇಳಿದಳು:

"ಮನೆಗೆ ಹೋದ್ಮೇಲೆ ಒಂದು ಲೋಟ ನೀರು ಕೊಡೇ. ಬಾಯಿ ಒಣಗಿ ಎಷ್ಟು ದಿನ ಆಯ್ತು."