ಸುಣ್ಣ ಸೋಕಿದ ಕಟ್ಟಿಗೆ

೨೦೦೬ರ ಮಾರ್ಚ್ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಗದಿಗೆಮ್ಮ ಠಾಣೆಯ ಮೆಟ್ಟಿಲು ಹತ್ತಿದಳು. ಮಿಯಾಪುರದಲ್ಲಿ ಸಾಫ್ಟ್‌ವೇರ್ ಮಂದಿಗೆಂದು ಏಳುತ್ತಿದ್ದ ಬಂಗಲೆಗಳಿಗೆ ಅವಳ ಗಂಡ ಗೊಲ್ಲಾಳಪ್ಪ ಕಾವಲುಗಾರ. ಅವನ ಹೆಣ ನೀರಿಲ್ಲದ ಈಜುಕೊಳದಲ್ಲಿ ಬಿದ್ದಿತ್ತು. ಕುಡಿದು ಬಿದ್ದಿರಬೇಕೆಂದ ಗುತ್ತಿಗೆದಾರ.

"ಅವನ ಕೊಳ್ಳಾಗ ಲಿಂಗ ಐತ್ರಿ. ಹನಿ ಮುಟ್ಟಿದಾವಲ್ಲ" ಎಂದಳು ಗದಿಗೆಮ್ಮ, ತನ್ನ ಕೊರಳಿನ ಲಿಂಗ ಹಿಡಿದುಕೊಂಡು. ಎಫ್‌ಐಆರ್ ದಾಖಲಾಯಿತು.

ಮರಣೋತ್ತರ ಪರೀಕ್ಷೆಯಲ್ಲಿ ತಲೆಯ ಗಾಯದಿಂದ ಕಟ್ಟಿಗೆಯ ಸಿಬಿರೊಂದು ಹೊರಬಂತು. ಎಣ್ಣೆ ಕುಡಿದಂಥ ಕಂದು ಬಣ್ಣ. ನೀರಿಗೆ ಹಾಕಿದರೆ ಕಲ್ಲಿನ ಹಾಗೆ ತಳ ಕಂಡಿತು. ಸಾಗುವಾನಿಯಲ್ಲ, ಬೀಟೆಯಲ್ಲ, ಜಾಲಿಯೂ ಅಲ್ಲ. ಇನ್‌ಸ್ಪೆಕ್ಟರ್ ದತ್ತಾತ್ರೇಯ ಅದನ್ನು ಹೆಡ್ ಕಾನ್‌ಸ್ಟೇಬಲ್ ಹಂಪಯ್ಯನ ಕೈಗೆ ಕೊಟ್ಟು ಕಟ್ಟಿಗೆ ಪರೀಕ್ಷಾಲಯಕ್ಕೆ ಕಳಿಸಿದರು.

ಅಲ್ಲಿನ ಅಧಿಕಾರಿ ಕಮಲಾಕ್ಷಿ ಸಿಬಿರಿನ ತುದಿಯನ್ನು ಬ್ಲೇಡಿನಿಂದ ಹೆರೆದು ಭೂತಗನ್ನಡಿ ಹಿಡಿದರು. ಸಣ್ಣ ರಂಧ್ರಗಳಲ್ಲಿ ಹಳದಿ ಪುಡಿ. ಸುಣ್ಣದ ತಿಳಿ ಒಂದು ಹನಿ ಬಿಟ್ಟರು. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿಯಾಗುವಂತೆ ಹಳದಿ ಕೆಂಪಾಯಿತು.

"ಇದು ನಮ್ಮ ನೆಲದ್ದಲ್ಲ. ದಕ್ಷಿಣ ಅಮೆರಿಕದ ಈಪೆ ಮರ. ಈಜುಕೊಳದ ಸುತ್ತ ಹಾಸೋಕೆ ತರಿಸ್ತಾರೆ."

ಹಂಪಯ್ಯನಿಗೆ ಒಂದು ಕೆಂಪು ಅಂಗೈ ನೆನಪಾಯಿತು. ಹಿಂದಿನ ವಾರ ಸನತ್‌ನಗರದ ಬಡಗಿ ಕಾರ್ಖಾನೆಯ ಕಟ್ಟೆಯ ಮೇಲೆ ತನ್ನ ಅಕ್ಕ ಸುಮಂಗಲಾಳ ಗಂಡ, ಅಲ್ಲಿನ ಬಡಿಗ ಅಮರೇಶಪ್ಪ ಸುಣ್ಣ ಹಚ್ಚಿ ತಂಬಾಕು ತಿಕ್ಕುತ್ತಿದ್ದ. ತಿಕ್ಕಿದ್ದರಲ್ಲಿ ಅರ್ಧ ಯಾವಾಗಲೂ ಹಂಪಯ್ಯನಿಗೇ. ಅಂದು ಅಮರೇಶಪ್ಪನ ಅಂಗೈ ಕೆಂಪಾಗಿತ್ತು. "ಏನ್ ಮಾಮಾ, ಅಕ್ಕನ ಕುಂಕುಮದ ಭರಣಿಗೆ ಕೈ ಹಾಕೀರೇನು?" ಎಂದು ಹಂಪಯ್ಯ ಚಾಷ್ಟಿ ಮಾಡಿದ್ದ. ಇಬ್ಬರೂ ನಕ್ಕಿದ್ದರು.

ಕಟ್ಟಿಗೆಯ ಹೆಸರನ್ನು ಸಾಹೇಬರಿಗೆ ಹೇಳಿದ. ಅಂಗೈಯ ಮಾತು ಹೇಳಲಿಲ್ಲ. ಮನೆಯಲ್ಲಿ ರೊಟ್ಟಿ ಮುರಿದವನು ಹಾಗೇ ಎದ್ದ.

ಕೊಳದ ಹಲಗೆಗಳನ್ನು ಕೊಯ್ಯಲು ಸನತ್‌ನಗರದ ಆ ಕಾರ್ಖಾನೆಗೇ ಕೊಟ್ಟಿದ್ದಾಗಿ ಗುತ್ತಿಗೆದಾರ ಒಪ್ಪಿದ. ಶನಿವಾರ ಜೀಪು ಅಲ್ಲಿಗೆ ಹೋಯಿತು. ಹಲಗೆಗಳನ್ನು ಇನ್ನೂ ಮುಟ್ಟಿಯೇ ಇಲ್ಲವೆಂದು ಬಡಿಗರೆಲ್ಲ ಹೇಳಿದರು.

"ನೀನು?" ದತ್ತಾತ್ರೇಯ ಕೇಳಿದರು.

"ಕಣ್ಣಿಲೆ ಸೈತ ನೋಡಿಲ್ರಿ" ಎಂದ ಅಮರೇಶಪ್ಪ.

ಸಾಹೇಬರು ಜೀಪಿನ ಕಡೆ ತಿರುಗಿದರು. ಅಂಜಿದ ಮನುಷ್ಯನ ಕೈ ರೂಢಿಗೆ ಬಿದ್ದದ್ದನ್ನೇ ಮಾಡುತ್ತದೆ. ಅಮರೇಶಪ್ಪ ಅಂಗಿಯ ಜೇಬಿನ ತಳದಿಂದ ತಂಬಾಕು ಬಳಿದು, ಉಗುರಲ್ಲಿ ಸುಣ್ಣ ತೆಗೆದು ತಿಕ್ಕತೊಡಗಿದ. ಕಣ್ಣು ಸಾಹೇಬರ ಬೆನ್ನ ಮೇಲೇ. ಹೆಬ್ಬೆರಳು ತಿರುಗಿದಂತೆ ಅಂಗೈ ಕೆಂಪೇರುತ್ತಿದ್ದುದು ಅವನಿಗೆ ಕಾಣಲಿಲ್ಲ. ಎಂದಿನಂತೆ ಅರ್ಧ ಹಂಪಯ್ಯನ ಕೈಗೆ ಹಾಕಿದ.

ಬಾಯಿಗೆ ಹಾಕಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೈ ಬಾಯಿಯ ತನಕ ಹೋಯಿತು ಕೂಡ. ಲಿಂಗ ಹಿಡಿದುಕೊಂಡೇ ಮಾತಾಡಿದ ಗದಿಗೆಮ್ಮ ಕಣ್ಣ ಮುಂದೆ ಬಂದಳು.

"ಸಾಹೇಬ್ರ" ಎಂದ ಹಂಪಯ್ಯ. ಅಂಗೈ ತೆರೆದು ತೋರಿಸಿದ.

ಪಂಚರ ಮುಂದೆ ಸುಣ್ಣದ ಡಬ್ಬಿ, ಜೇಬಲ್ಲಿ ಗರಗಸದ ಹೊಟ್ಟು ಉಳಿದಿದ್ದ ಅಂಗಿ ಜಪ್ತಾದವು. ಅಮರೇಶಪ್ಪನ ಮಣೆಯ ಅಡಿಯಲ್ಲಿ ಮೂಲೆ ಮುರಿದ ಈಪೆಯ ತುಂಡು ಸಿಕ್ಕಿತು. ಸಿಬಿರು ಆ ಮೂಲೆಗೆ ಸರಿಯಾಗಿ ಕೂತಿತು. ಸಂಜೆ ದಸ್ತಗಿರಿಯಾಯಿತು.

ಅವನ ಹೇಳಿಕೆ ಉದ್ದವೇನಿರಲಿಲ್ಲ. ಹಿಂದಿನ ತಿಂಗಳು ಬಂಗಲೆಯ ಅಟ್ಟಣೆಗೆ ಅವನು ಮೊಳೆ ಹೊಡೆದ ಹಲಗೆ ಕಳಚಿ ಕೂಲಿಯವನೊಬ್ಬ ಬಿದ್ದು ಸತ್ತಿದ್ದ. ಕಾಲು ಜಾರಿತೆಂದು ಎಲ್ಲರೂ ನಂಬಿದ್ದರು. ಮೊಳೆ ಕಡಿಮೆ ಬಿದ್ದದ್ದು ಗೊಲ್ಲಾಳಪ್ಪನಿಗೆ ಕಂಡಿತ್ತು. ಸತ್ತವನ ತಾಯಿಗೆ ಹೇಳುತ್ತೇನೆಂದು ಅವನು ಹಟ ಹಿಡಿದ.

"ಕೈ ಮುಗದ್ನಿ. ಕೇಳಲಿಲ್ಲ. ಅಂಜಿಕಿ ಬಂತು. ಅಳತಿ ನೋಡಾಕ ಒಯ್ದ ತುಂಡು ಕೈಯಾಗ ಇತ್ತು." ಆಮೇಲೆ ಸರಳಿನ ಹತ್ತಿರ ಬಂದು, "ಹಂಪಯ್ಯಾ, ಅಕ್ಕಗ ನೀನ ಹೇಳು" ಎಂದ.

ಹಂಪಯ್ಯ ನಲ್ಲಿಯಲ್ಲಿ ಸಾಬೂನು ಹಚ್ಚಿ ಕೈ ತಿಕ್ಕಿದ. ತಿಕ್ಕಿದಷ್ಟೂ ಕೆಂಪು ಗಾಢವಾಯಿತು.

ದೂರದಿಂದಲೇ ತಮ್ಮನನ್ನು ಕಂಡ ಸುಮಂಗಲಾ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. "ನಿಮ್ಮ ಮಾಮಾ ಇನ್ನೂ ಬಂದಿಲ್ಲೋ. ಬಾ, ಮೊದಲ ಕೈ ತೊಳ್ಕೊ" ಎಂದು ತಂಬಿಗೆ ಬಗ್ಗಿಸಿದಳು.

ನೀರು ಹೊಸ್ತಿಲ ಮುಂದೆ ಸುರಿಯಿತು. ಹಂಪಯ್ಯ ಕೈ ಚಾಚಲಿಲ್ಲ.